ಫರ್ಶಿ ಮ್ಯಾಲ ಟೆಕ್ಸಾಸ್

ಡ್ರಾಯಿಂಗ್ ಹಾಳಿಗೆ ಹದಿನೈದು ರೂಪಾಯಿ ಬೇಕವ್ವಾ ಅಂದಳು.
ಅಂಗಳ ತುಂಬ ಹಾಳಿನೇ ಹರವ್ಯಾವಲ್ಲ, ಅಂದೆ ನಾ,
ಎರಡು ಫೂಟಿಗೆ ಎರಡು ಫೂಟು, ಪಾಲಿಶ್ ಆದವು,
ನಾಳಿ ಮುಂಜಾನಿ ಲಾರಿ ಬರೂತನಕ ನಿನ್ನವೇ.

ಭಾಗ್ಯವಂತಿ ಖಡು ಹಿಡದು ಮೊಳಕಾಲೂರಿದಳು.
ಜಹೀರಾ ಟೀಚರ್ ಅಮೆರಿಕಾ ಹಂಚ್ಯಾರ ಹುಡುಗೂರಿಗೆ,
ಹಿಂದಿನವರು ಜಹಗೀರು ಹಂಚಿದಂಗ.
ಬಾಜೂ ಬೆಂಚಿನಾಕಿಗೆ ರೋಡ್ ಐಲಂಡ್, ಅಂಗೈಯಷ್ಟು.
ಇಕಿಗೆ ಟೆಕ್ಸಾಸ್.
ಒಂದು ಫರ್ಶಿದಾಗ ಹಿಡೀಲಿಲ್ಲ, ನಾಕರಾಗೂ ಇಲ್ಲ.
ಹನ್ನೊಂದು ಕಲ್ಲು ತಗೊಂಡ್ತು.
ತೆಂಕಣದ ಮೂಲಿ ನೀರಿನ ಡ್ರಮ್ಮಿನ ತನಕ ಇಳೀತು.

ಒಂದು ಹೊಳಿ ಬರದಳು, ರಿಯೊ ಗ್ರಾಂಡೆ ಅಂತ.
ನಮ್ಮ ಕಾಗಿಣಾಕಿಂತ ದೊಡ್ಡದೇನು?
ದೊಡ್ಡದು, ಆದ್ರ ಆಚಿ ದಂಡಿ ಬ್ಯಾರೆ ದೇಶ.
ಕಾಗಿಣಾದ ಆಚಿ ದಂಡ್ಯಾಗ ನನ್ನ ತವರುಮನಿ ಅದ.

ಬಾಜೂ ಮನಿ ಲಾಲ್‌ಅಹ್ಮದ್ ಮುತ್ಯಾ,
ಇದೇ ಶಹಾಬಾದದ ಖಣಿಯಾಗ ಐವತ್ತು ವರ್ಷ ಉಳಿ ಹೊಡದಂವ,
ಕಲ್ಲು ಎಲ್ಲಿ ಬಿಡ್ತದ ಅಂತ ಸಪ್ಪಳದಾಗೇ ಹೇಳಾಂವ,
ಕೋಲೂರಿ ಬಂದು ನಕಾಶಿ ಸುತ್ತ ಒಂದು ಸುತ್ತು ಹಾಕ್ದ.
"ಯಾರ ರಾಜ್ಯದ ಇದು?"

ಆರು ಬಾವುಟ ಹಾರ್ಯಾವಂತ ಮುತ್ಯಾ, ಅಂದು
ಬೆರಳು ಮಡಚಿದಳು: ಸ್ಪೇನ್, ಫ್ರಾನ್ಸ್, ಮೆಕ್ಸಿಕೊ,
ಆಮ್ಯಾಲ ಒಂದಷ್ಟು ವರ್ಷ ತನಗ ತಾನೇ ಒಂದು ದೇಶ,
ನಡುವ ಗುಲಾಮರನ್ನ ಬಿಡಂಗಿಲ್ಲ ಅಂದವರದು,
ಅದರ ಹಿಂದೂ ಮುಂದೂ ಅಮೆರಿಕಾದ್ದು.

ಮುತ್ಯಾನೂ ಮಡಚಲಕ ಹತ್ತಿದ.
ಮಳಖೇಡದವರು, ಬಹಮನಿ, ಆದಿಲಶಾಹಿ, ದಿಲ್ಲಿಯವರು, ನಿಜಾಮ.
ಅಲ್ಲಿಗೆ ಒಂದು ಕೈ ಮುಗೀತು.
"ಹದಿಮೂರು ತಿಂಗಳು ನಾವೂ ಯಾರೊಳಗೂ ಇರ್ಲಿಲ್ಲವ್ವಾ."
ಮುಂದಿಂದು ಹೇಳ್ಲಿಲ್ಲ.
ಮುಂದಿಂದು ಅಂವ ಎಂದೂ ಹೇಳೂದಿಲ್ಲ.
ಆವಾಗ ಆರು ವರ್ಷದಂವ ಇದ್ದನಂತ.
ಎರಡನೇ ಕೈ ಮ್ಯಾಲ ಎದ್ದಿದ್ದು
ಒಂದು ಬೆರಳೂ ಮಡಚದಂಗ ಬಂದು ಕೋಲು ಹಿಡೀತು.

ಹುಡುಗಿಗ ಗೊತ್ತಾಗ್ಲಿಲ್ಲ, ತನ್ನಷ್ಟಕ್ಕ ತಾ ಓದ್ತಿತ್ತು:
ನೆಲದ ಕೆಳಗ ಎಣ್ಣಿ, ಗ್ಯಾಸು, ಉಪ್ಪು, ಗಂಧಕ,
ಸುಣ್ಣದ ಕಲ್ಲು.
"ಎಂಥಾ ಕಲ್ಲು? ಪದರ ಬಿಡ್ತದೇನು?"
ಅದು ಪುಸ್ತಕದಾಗ ಇರ್ಲಿಲ್ಲ.
ಅಲ್ಲಿ ಹೊಲ ಒಬ್ಬರದು, ಹೊಲದ ಕೆಳಗಿಂದು ಇನ್ನೊಬ್ಬರದು ಇರಬಹುದಂತ,
ಮ್ಯಾಲಿಂದು ಇಟಗೊಂಡು ಕೆಳಗಿಂದಷ್ಟೇ ಮಾರಬಹುದಂತ.
ನನಗ ನಮ್ಮ ಮಾವನ ಎರಡೆಕರೆ ನೆನಪಾತು.
ಮ್ಯಾಲ ತೊಗರಿ ಇತ್ತು, ಕೆಳಗ ಸಿಮೆಂಟ್ ಇತ್ತು.
ಖರೀದಿ ಪತ್ರದಾಗ ತೊಗರಿದಷ್ಟೇ ಲೆಕ್ಕ ಹಿಡದಿದ್ರು.

ವಿಧಾನಸಭಾ ಎರಡು ವರ್ಷಕ್ಕೊಮ್ಮೆ ಕೂಡ್ತದ,
ನೂರಾ ನಲವತ್ತು ದಿನ, ಮುಗೀತು. ನ್ಯಾಯಾಧೀಶರಿಗೂ
ಜನಾನೇ ಓಟು ಹಾಕಿ ಕುಂದ್ರಸ್ತಾರ, ಅಂದಳು.
ಮುತ್ಯಾ ಭಾಳ ಹೊತ್ತು ವಿಚಾರ ಮಾಡ್ದ.
"ಮತ್ತ ತಹಸೀಲ್ದಾರಗ?"

ಮುಂಜಾನಿ ಲಾರಿ ಬಂತು. ಒರಸಿ ಏರಸ್ರಿ ಅಂದ ಸೇಠ.
ಹಮಾಲರಿಗೆಲ್ಲಿ ಪುರಸೊತ್ತು?
ಎಣ್ಣಿ ಬಾವಿ ಲಾತೂರಿಗೆ ಹೋದವು,
ದನದ ಬಯಲು, ಹೊಳಿ, ಆಚಿ ದೇಶದ ಒಂದು ಚೂರು
ಸೋಲಾಪುರದ ಯಾವುದೋ ಅಡಗಿ ಮನಿಗೆ.
ಶಾಲ್ಯಾಗ ಬಾಯಿಲೇ ಹೇಳಿ ಬಂದಳು, ಹತ್ತಕ್ಕ ಏಳು ಬಂದಾವ.
ನಕಾಶಿ ಎಲ್ಲಿ ಅಂದ್ರಂತ ಟೀಚರ್.
ಲಾರ್‍ಯಾಗ ಅದ ಅಂದಳಂತ.

ಒಂದು ಕಲ್ಲು ಪಾಸಾಗ್ಲಿಲ್ಲ, ಮೂಲಿ ಒಡದಿತ್ತು.
ಈಗ ನಮ್ಮ ನಳದ ಕೆಳಗ ಬಿದ್ದದ.
ನಟ್ಟನಡುವಿನ ಕಲ್ಲು ಅದು. ಚಿಕ್ಕಿ ಹಾಕಿ ಬರದಿದ್ದಳು:
ಆಸ್ಟಿನ್, ರಾಜಧಾನಿ.
ಅದರ ಮ್ಯಾಲೇ ಕುಂತು ಭಾಂಡೆ ತಿಕ್ತೀನಿ ದಿನಾ.
ಖಡು ಎರಡು ದಿನಕ್ಕೇ ತೊಳಕೊಂಡು ಹೋತು,
ಖರೇ, ಚಿಕ್ಕಿ ಎಲ್ಲಿತ್ತು ತೋರಸು ಅಂದ್ರ
ಕಣ್ಣು ಮುಚ್ಚಿ ಬೆರಳಿಡ್ತೀನಿ.