ಆರರಿಂದ ಇಪ್ಪತ್ತರೊಳಗೆ

"ಎಷ್ಟು ದಣಿವಾತಮ್ಮಾ?
ಆರರಿಂದ ಇಪ್ಪತ್ತರೊಳಗೆ ಒಂದು ನಂಬರು ಹೇಳು."
ರಟ್ಟು ಹಿಡಿದು ಕೇಳ್ತಾನೆ ತಿಪ್ಪೇಶ, ನನ್ನ ಮೊಮ್ಮಗನ ವಯಸ್ಸಿನೋನು.
ಆರಂದ್ರೆ ಸುಮ್ಮನೆ ಕೂತಂಗೆ,
ಇಪ್ಪತ್ತಂದ್ರೆ ಪ್ರಾಣ ಬಾಯಿಗೆ ಬಂದಂಗೆ.
ಒಂದರಿಂದ ಯಾಕೆ ಶುರುವಿಲ್ಲ ಅಂದೆ.
ಅವನು ತಲೆ ಕೆರಕೊಂಡ.
ಪಕ್ಕದ ಕುರ್ಚಿಯ ರೇವಣ್ಣೋರು ಹೇಳಿದರು:
"ಬದುಕಿರೋದಕ್ಕೇ ಐದು ಖರ್ಚಾಗ್ತವೆ ಅನ್ಕೋ ಹಯಾತಬಿ."

ದಾವಣಗೆರೆ ದೊಡ್ಡಾಸ್ಪತ್ರೆ, ಎರಡನೇ ಮಹಡಿ,
ಮೂಳೆ ಡಾಕ್ಟರುಗಳು ಬಿಟ್ಟುಕೊಟ್ಟ ಉದ್ದನೆ ಕೋಣೆ.
ಎದೆ ಸೀಳಿಸಿಕೊಂಡು ಹೊಲಿಸಿಕೊಂಡೋರು ನಾವು ಆರು ಮಂದಿ,
ಸೋಮವಾರ, ಗುರುವಾರ.
ಬಟ್ಟೆ ಒಣಹಾಕೋ ಕ್ಲಿಪ್ಪಿನಂಥದ್ದು ಬೆರಳಿಗೆ ಕಚ್ಚಿಸಿ
ಕಣ್ಣಿಗೆ ಕಟ್ತಾನೆ ಕರೀ ಡಬ್ಬಿ.
ಸೆರಗಿನ ಮೇಲೇ ಕಟ್ಟಪ್ಪ ಅಂದೆ. ಕಟ್ಟಿದ.

ಮೊದಲ ದಿನ ಸಮುದ್ರ.
ಅಲ್ಲೀವರೆಗೆ ನಾ ಕಂಡ ದೊಡ್ಡ ನೀರು ಕೊಂಡಜ್ಜಿ ಕೆರೆ,
ಅದೂ ಮದುವೆ ಲಾರಿಯಿಂದ ಇಣುಕಿ.
ಇದಕ್ಕೆ ಆಚೆ ದಂಡೆಯೇ ಇಲ್ಲ.
ನಿಂತಲ್ಲೇ ಕಾಲೆತ್ತಿಟ್ಟರೆ ಅಲೆ ಹತ್ತಿರ ಬರ್ತೈತೆ,
ನೆನೆದೀತಂತ ಸೀರೆ ಎತ್ತಿ ಹಿಡಕೊಂಡೆ.
ಕೋಣೆಗೆ ಕೋಣೆಯೇ ನಕ್ಕಿತು, ದಿಂಬು ಎದೆಗೊತ್ತಿಕೊಂಡು;
ನಮ್ಮಂಥೋರು ನಕ್ಕರೆ
ಒಳಗಿನ ತಂತಿ ಎಳೀತೈತೆ.

ಆ ಲೋಕಕ್ಕೆ ವಾಸನೆ ಇಲ್ಲ, ಬಿಸಿ ಇಲ್ಲ.
ಹೊಗೆ ಇಲ್ಲದ ಜಾಗವನ್ನ ನಂಬೋದು ಹೆಂಗೆ?

ಮೂರನೇ ವಾರ ಆಟ ಬದಲಾಯಿತು.
ಎದುರಿಂದ ತೂರಿ ಬರೋ ಉಂಡೆ:
ಕೆಂಪಾದರೆ ಎಡಗೈ, ನೀಲಿಯಾದರೆ ಬಲಗೈ.
ರೇವಣ್ಣೋರು ಹನ್ನೊಂದು ಹೊಡೆದರು,
ಪೋಸ್ಟಾಫೀಸಿನ ಮುದ್ರೆ ಒತ್ತಿದಂಗೆ, ಒಂದೊಂದನ್ನೂ ಓದಿ.

ನನ್ನ ತೋಳಿಗೆ ಯಾರೂ ಹೇಳಿಕೊಡಲಿಲ್ಲ.
ಕಾದ ಮರಳಿಗೆ ಅಕ್ಕಿ ಸುರಿದು
ಎಡಕ್ಕೆ ಎರಡು, ಬಲಕ್ಕೆ ಎರಡು,
ಅರಳೋದೇ ತಡ, ಬಾಚಿ ಜರಡಿಗೆ.
ಕಣ್ಣು ಮಿಟುಕಿಸಿದರೆ ಕರಕಲು.
ಚಟಪಟ, ಚಟಪಟ,
ಕೆಂಪೂ ನೀಲಿಯೂ ನನ್ನ ಕಣ್ಣಿಗೆ ಬೆಳ್ಳಗೆ ಅರಳಿದವು.
"ತೊಂಬತ್ತೆರಡು!" ತಿಪ್ಪೇಶ ಕೂಗಿದ.
"ತೊಂಬತ್ತ..."

ಎಲ್ಲಾ ನಿಂತುಹೋಯಿತು.
ಒಂದು ಕೆಂಪುಂಡೆ ಮೂಗಿನ ಮುಂದೆ,
ಬರದೆ, ಬೀಳದೆ.
ಕೆಡಿಸಿಬಿಟ್ಟೆನೇನೋ, ದುಡ್ಡು ಕಟ್ಟು ಅಂತಾರೇನೋ!

"ಕೆಟ್ಟಿಲ್ಲಮ್ಮ. ನಿನ್ನ ನಾಡಿ ನೂರಾ ಹದಿನೈದು ದಾಟ್ತು.
ದಾಟಿದರೆ ಆಟ ತಾನೇ ನಿಲ್ತೈತೆ. ಕೂತ್ಕೋ."

ಕೂತೆ. ಡಬ್ಬಿ ಬಿಚ್ಚಗೊಡಲಿಲ್ಲ.
ಮೂವತ್ತೆಂಟು ವರ್ಷ ಭಟ್ಟಿ ಮುಂದೆ.
ಬಸುರಿಗೆ ನಿಲ್ಲಲಿಲ್ಲ.
ಇದ್ದತ್ತು ಮುಗಿಯೋ ಮುಂಚೆ ಮಾಲೀಕ ಹೇಳಿಕಳಿಸಿದ, ಹೋದೆ.
ಎದೆ ಹಿಂಡಿದ ಬೆಳಿಗ್ಗೆಯೂ ಗ್ಯಾಸು ಅಂದುಕೊಂಡು
ಸೋಡಾ ಕುಡಿದು ಇನ್ನೆರಡು ಚೀಲ ಮುಗಿಸಿ ಬಿದ್ದೆ.
ಈಗ ಯಾವುದೋ ಒಂದು ಆಟದ ಸಾಮಾನು
ನನ್ನ ಉಸಿರಿಗೆ ಕಾದು ನಿಂತೈತೆ.
ಡಬ್ಬಿಯೊಳಗೆ ಅಳಬಹುದು, ಯಾರಿಗೂ ಕಾಣಲ್ಲ.
ಗಾಜು ಮಂಜಾತು ಅಷ್ಟೆ.

"ನಂಬರು?"
"ಹನ್ನೊಂದು" ಅಂದೆ. ಸುಳ್ಳು.
ಹದಿನಾರು ಅಂದ್ರೆ ಗುರುವಾರ ಮತ್ತೆ ಸಮುದ್ರಕ್ಕೆ ಕಳಿಸ್ತಾನೆ.
ರಟ್ಟು ನೋಡಿದ, ಬೆರಳಿನ ಕ್ಲಿಪ್ಪು ನೋಡಿದ,
ಹದಿನಾರು ಅಂತಲೇ ಬರಕೊಂಡ, ಕಳ್ಳ.

ಆಟೋದಿಂದ ಮಂಡಕ್ಕಿ ಭಟ್ಟಿ ಲೇಔಟಿನಲ್ಲಿ ಇಳಿದೆ.
ನನ್ನ ಜಾಗದಲ್ಲಿ ಈಗ ಸೊಸೆ ಶಾಹಿದಾ,
ಮುಖವೆಲ್ಲ ಮಸಿ, ಹುಬ್ಬಿನ ಮೇಲೆ ಉಪ್ಪು.
ಒಳಗೆ ಬರಬ್ಯಾಡ, ಹೊಗೆ, ಅಂತ ಕೂಗಿದಳು.
ಬಾಗಿಲಲ್ಲೇ ನಿಂತು ಕೇಳಿದೆ:
"ಎಷ್ಟು ದಣಿವಾತವ್ವಾ? ಆರರಿಂದ ಇಪ್ಪತ್ತರೊಳಗೆ?"

"ಹ್ಞಾ?" ಅಂದಳು.
ಮತ್ತೆ ಕೇಳಿದೆ.
ಕೈ ನಿಲ್ಲಿಸಿದಳು. ನಿಜಕ್ಕೂ ಲೆಕ್ಕ ಹಾಕ್ತಾ ನಿಂತಳು,
ತುಟಿ ಅಲ್ಲಾಡಿದವು, ಹತ್ತು, ಹನ್ನೆರಡು...
ಅವಳ ಹಿಂದೆ ಸೀದ ವಾಸನೆ ಏಳ್ತಿತ್ತು.
ನಾನು ಹೇಳಲಿಲ್ಲ.