ಕಿತ್ತಳೆಯ ನೇರಕ್ಕೆ

ಇಪ್ಪತ್ತೊಂಬತ್ತು ವರ್ಷ ಈ ಬೆಟ್ಟವನ್ನು ನಾನು ನೋಡಿದ್ದು
ಹೈಫಾ ಬಂದರಿನ ಕ್ರೇನಿನ ಗಾಜುಗೂಡಿನಿಂದ.
ಕಾಲಡಿಯೂ ಗಾಜೇ. ಬಗ್ಗಿದರೆ
ಎರಡು ಬೂಟುಗಳ ನಡುವೆ ಹಡಗು,
ತಲೆಯೆತ್ತಿದರೆ ಕಾರ್ಮೆಲ್,
ಅದರ ನಡುವಿನಲ್ಲಿ, ಮೆಟ್ಟಿಲು ಮೆಟ್ಟಿಲು ತೋಟದ ಮಧ್ಯೆ
ಬಹಾಯಿಗಳ ಬಂಗಾರದ ಗುಮ್ಮಟ.

ಬಂದರಿನವರಿಗೆ ಅದು ಗುಡಿಯಲ್ಲ, ಗೋರಿಯಲ್ಲ.
ಕಿತ್ತಳೆ.
ಕೆಳಗೆ ನಿಂತ ಶಿಮೋನ್ ರೇಡಿಯೋದಲ್ಲಿ ಕೂಗುವನು:
“ಕಿತ್ತಳೆಯ ನೇರಕ್ಕೆ ತಾ, ನಖ್ಲೆ, ಇನ್ನೊಂದು ಗೇಣು!”
ತರುತ್ತಿದ್ದೆ.
ತುರ್ಕಿಯ ಟೈಲು, ಚೀನಾದ ಆಟಿಕೆ,
ದೇಶ ಬಿಟ್ಟು ಬಂದ ಯಾರದೋ ಪಿಯಾನೋ
ಎಲ್ಲವನ್ನೂ ಅದರ ನೇರಕ್ಕೇ ಇಳಿಸಿದೆ.
ಗುಮ್ಮಟಕ್ಕೆ ಬಟ್ಟೆ ಹೊದಿಸಿ ಹೆಂಚು ಬದಲಿಸುವಾಗ
ನನ್ನ ಕಣ್ಣಿಗೇ ಪೊರೆ ಬಂದಂತಾಗಿತ್ತು.
“ಕಿತ್ತಳೆಯ ಸಿಪ್ಪೆ ಸುಲೀತಾರೆ ಕಣೋ, ಹೊದಿಸ್ತಾರೇನೋ?”
ಶಿಮೋನ್ ಬೈದುಕೊಂಡೇ ಆ ವರ್ಷಗಳನ್ನು ಕಳೆದ.

ಆದರೂ ಒಳಗೆ ಹೋದವನಲ್ಲ.
ವಾದಿ ನಿಸ್ನಾಸಿನ ನಮ್ಮ ಮನೆಗೂ ಆ ಗೇಟಿಗೂ
ಒಂದು ಸಿಗರೇಟಿನ ದೂರ.
ಚರ್ಚಿನಿಂದ ಮರಳುವಾಗ ಸುಹೇಲಾ ಕೇಳುವಳು,
ಈ ಭಾನುವಾರವಾದರೂ?
“ದಿನಾ ನೋಡ್ತೀನಲ್ಲ” ಅನ್ನುತ್ತಿದ್ದೆ.
ಆಮೇಲೆ ಕೇಳುವವಳೇ ಇರಲಿಲ್ಲ.

ಇವತ್ತು ಮೊಮ್ಮಗಳು ಮಾರ್ಲೀನ್ ಕೈಹಿಡಿದು ಎಳೆದು ತಂದಳು.
ದೇವರ ಬೆಟ್ಟವನ್ನು ಹತ್ತಬೇಕೆಂದು ಕೇಳಿ ಬೆಳೆದವನು ನಾನು.
ಇಲ್ಲಿ ತುದಿಯ ಬೀದಿಯಲ್ಲಿ ಗೇಟು ತೆಗೆದು
ಕೆಳಕ್ಕೆ ಇಳಿಸುತ್ತಾರೆ.
ಮೊಣಕಾಲಿಗೆ ಇಳಿಯುವುದೇ ಕಷ್ಟ.
ಮೆಟ್ಟಿಲ ಪಕ್ಕದ ಕಾಲುವೆಯಲ್ಲಿ ನೀರು
ನನ್ನ ಜೊತೆಗೇ ಹೊರಟು, ಕಾಯದೆ, ಮುಂದೆ ಹೋಯಿತು.
ಮಾರ್ಲೀನ್ ಮೆಟ್ಟಿಲು ಎಣಿಸುತ್ತಾಳೆ,
ಇನ್ನೂರರ ಹತ್ತಿರ ಒಂದು ಹಲ್ಲಿಯನ್ನು ಕಂಡು ತಪ್ಪುತ್ತಾಳೆ,
ಮತ್ತೆ ಒಂದರಿಂದ.

ಬಾಗಿಲಲ್ಲಿ ಚಪ್ಪಲಿ ಬಿಟ್ಟೆ.
ಎಡಗಾಲ ಚೀಲದ ತೂತಿನಿಂದ ಹೆಬ್ಬೆರಳು ಇಣುಕಿತು,
ಜಮಖಾನ ಏನೂ ಅಂದುಕೊಳ್ಳಲಿಲ್ಲ.
ಮೂರ್ತಿಯಿಲ್ಲ, ಪಾದ್ರಿಯಿಲ್ಲ, ಧೂಪವಿಲ್ಲ.
ದೀಪ, ಹೂವು, ಒಂದು ಹೊಸ್ತಿಲು.
ಯಾವ ದೇಶದವಳೋ, ಒಬ್ಬ ಮುದುಕಿ
ಅದಕ್ಕೆ ಹಣೆಯಿಟ್ಟವಳು ಎದ್ದಿರಲೇ ಇಲ್ಲ.
ನಾನೂ ಏನಾದರೂ ಕೇಳೋಣವೆಂದು ನಿಂತೆ.
ಎತ್ತಬೇಕಾದರೆ ಕೊಕ್ಕೆ ಸಿಕ್ಕಿಸಲು ಒಂದು ಕಿವಿ ಬೇಕು ಯಾವುದಕ್ಕೂ;
ನನ್ನ ಬೇಡಿಕೆಗೆ ಅದು ಸಿಗಲಿಲ್ಲ.
ಸುಹೇಲಾಳ ಹೆಸರು ಮಾತ್ರ ತಾನಾಗಿ ಮೇಲೆದ್ದು
ಗಾಳಿಗೆ ಸಿಕ್ಕ ಹೊರೆಯ ಹಾಗೆ ತೂಗಿತು.
ಇಳಿಸುವ ಜಾಗ ಹೇಳಲು ರೇಡಿಯೋದಲ್ಲಿ ಯಾರೂ ಇಲ್ಲ.

ಹೊರಡುವಾಗ ಜನ ಬೆನ್ನು ತೋರಿಸದೆ
ಹಿಂದಡಿಯಿಟ್ಟು ನಡೆಯುತ್ತಾರೆ.
ಅದೊಂದು ನನಗೆ ಬರುತ್ತಿತ್ತು.
ನೋಡಬೇಕಾದ್ದನ್ನು ನೋಡುತ್ತ ಹಿಂದೆ ಸರಿಯುವುದು ನನ್ನ ಕಸುಬು.

ಹೊರಗೆ ಕಣ್ಣು ಕುಕ್ಕುವ ಬಿಸಿಲು.
ಜಾಂಬಿಯಾದಿಂದ ಸೇವೆಗೆ ಬಂದ ಹುಡುಗ, ಚಿಲೇಶೆಯಂತೆ,
ರಾತ್ರಿ ಕಾಡುಹಂದಿ ನುಗ್ಗಿ ಬಗೆದ ಹುಲ್ಲನ್ನು
ಅಂಗೈಯಿಂದ ತಟ್ಟಿ ತಟ್ಟಿ ಕೂರಿಸುತ್ತಿದ್ದ.
“ಎಲ್ಲಿ ಬೇಲಿ ಹಾಕಿದರೂ ಬರ್ತಾವೆ. ಅವಕ್ಕೂ ಇಷ್ಟ”
ಮುರುಕು ಹೀಬ್ರೂವಿನಲ್ಲಿ ನಕ್ಕ.
ಆಮೇಲೆ ಎರಡು ಗೂಟ ನೆಟ್ಟು, ದಾರ ಕಟ್ಟಿ
ಅಂಚಿನ ಗಿಡಗಳ ಸಾಲನ್ನು ಸರಿಮಾಡತೊಡಗಿದ.

ನಾನು ಕಟ್ಟೆಗೆ ಒರಗಿ ಕೆಳಗೆ ನೋಡಿದೆ.
ನೇರ ಬೀದಿ, ಅದರ ಕೊನೆಗೆ ಬಂದರು,
ನನ್ನ ಕ್ರೇನು!
ಇಲ್ಲಿಂದ ಅದು ಮಾರ್ಲೀನಳ ಜಡೆಪಿನ್ನಿನಷ್ಟು.
ಯಾವನೋ ಹೊಸಬ ಕೆಂಪು ಪೆಟ್ಟಿಗೆಯೊಂದನ್ನು ಎತ್ತಿದ್ದಾನೆ,
ಓರೆಯಾಗಿದೆ. ಅವನಿಗೆ ಹೇಳುವವರಿಲ್ಲವೇ?
ನನ್ನ ಬಲಗೈ ತಾನಾಗಿ ಗಾಳಿಯಲ್ಲಿ ಎದ್ದಿತು:
ಎಡಕ್ಕೆ, ಇನ್ನೊಂದು ಗೇಣು, ಹಾಂ, ನಿಲ್ಲು.

ತಿರುಗಿದೆ.
ಚಿಲೇಶೆ ನನ್ನ ಕೈಯನ್ನೇ ನೋಡುತ್ತ
ಗೂಟ ಕಿತ್ತು ಒಂದು ಗೇಣು ಎಡಕ್ಕೆ ನೆಟ್ಟಿದ್ದ.
ಎದ್ದು ನಿಂತು, ಒಂದು ಕಣ್ಣು ಮುಚ್ಚಿ
ದಾರದುದ್ದಕ್ಕೂ ಗುಮ್ಮಟದ ಕಡೆ ನೋಡಿದ.
“ಸರಿ ಅಜ್ಜ” ಅಂದ. “ಈಗ ಸರಿಯಾಯ್ತು.”