ಚಕ್ಕುಬಂದಿ

ಪೂರ್ವಕ್ಕೆ: ಮುನ್ಸಿಪಾಲ್ಟಿ ಗಟಾರ.
ಪಶ್ಚಿಮಕ್ಕೆ: ಗುರುಪಾದಪ್ಪ ಹೊಂಬಳ ಇವರ ಖುಲ್ಲಾ ಜಾಗ.
ದಕ್ಷಿಣಕ್ಕೆ: ರಸ್ತೆ. ಉತ್ತರಕ್ಕೆ: ಮುಚ್ಚಿದ ಬಾವಿ.
ನಾಲ್ಕು ದಿಕ್ಕು ಬರೆದು, ರೂಢಿಯಂತೆ, ಪೆನ್ನು ಕೆಳಗಿಟ್ಟೆ.

ಎದುರಿಗೆ ಕೂತಿದ್ದ ತುಳಜಾಬಾಯಿ ಮಿಸ್ಕಿನ,
ಬೆಟಗೇರಿ ನೇಕಾರ ಹೆಣ್ಣುಮಕ್ಕಳ ಸೊಸೈಟಿಯ ಅಧ್ಯಕ್ಷೆ,
ಕೇಳಿದಳು: "ಮತ್ತ ಕೆಳಗಿಂದು?"

"ಕೆಳಗಿಂದು ಏನ್ರಿ ಬಾಯಿ?"
"ಕೆಳಗ ಏನೈತಿ ಅನ್ನೂದು. ಅದೂ ದಿಕ್ಕ ಹೌದಲ್ಲೇನ್ರಿ?"

ಮೂವತ್ತೊಂದು ವರ್ಷ
ಗದಗಿನ ಕಚೇರಿ ಎದುರು, ಬೇವಿನ ಬುಡದಲ್ಲಿ ನನ್ನ ಮೇಜು.
ಖರೀದಿ, ಬಕ್ಷೀಸು, ವಾಟ್ನಿ, ಬೋಜಾ.
ಎಷ್ಟು ನೆಲ ಈ ಬೆರಳಿನ ಕೆಳಗೆ ಮಾಲಕರನ್ನು ಬದಲಿಸಿತು,
ಕೆಳಗಿನದನ್ನು ಒಬ್ಬರೂ ಕೇಳಿರಲಿಲ್ಲ.

ಕೋಳಿವಾಡರ ಬಣ್ಣದ ಕಾರ್ಖಾನಿ, ಹದಿನೆಂಟು ಗುಂಟೆ,
ಮುಚ್ಚಿ ಇಪ್ಪತ್ತೆರಡು ವರ್ಷ.
ಅವಳ ಅವ್ವ ಅಲ್ಲಿ ನೂಲು ಅದ್ದುತ್ತಿದ್ದಳು:
ಸೋಮವಾರ ಮೊಣಕೈತನಕ ಹಸಿರು, ಗುರುವಾರ ಕೆಂಪು,
ರೊಟ್ಟಿ ಬಡಿದರೆ ರೊಟ್ಟಿಗೂ ಒಂದು ಅಂಚು.
ತೊಳೆದ ನೀರೆಲ್ಲ ಹಿತ್ತಲ ಗುಂಡಿಗೆ.
ಗುಂಡಿ ಒಮ್ಮೆಯೂ ತುಂಬಿ ಹರಿಯಲಿಲ್ಲ.
ನೆಲ ಕುಡಿಯುತ್ತಿತ್ತು.
ಈಗ ಬೋರು ಹೊಡೆದರೆ ಹಳದಿ ನೀರು,
ಹಂದಿ ಕೂಡ ಮೂಸಿ ಮುಂದೆ ಹೋಗುತ್ತದೆ.

ಧಾರವಾಡದಿಂದ ಬಂದ ಹುಡುಗ ಆರು ಕಡೆ ಕೊರೆದು
ಮಣ್ಣನ್ನು ಬಾಟಲಿಗೆ ತುಂಬಿ, ಹೆಸರು ಅಂಟಿಸಿ ಒಯ್ದ,
ಮಗುವಿನ ರಕ್ತ ಒಯ್ದಂತೆ.
ವರದಿ ಬಂತು: ಕ್ರೋಮಿಯಂ, ಒಂಬತ್ತು ಅಡಿಯವರೆಗೆ.

ಬ್ಯಾಂಕಿನವ ಅಂದ: "ಇಂಥಾ ಮಣ್ಣು ಅಡ ಇಟ್ಕೊಳ್ಳಾಕ ಬರೂದಿಲ್ಲವ್ವ."
ವಾರಸುದಾರರು ಅಂದರು: "ಬಿಟ್ಟಿ ಕೊಡ್ತೀವಿ, ತಗೊಳ್ರಿ."
ಅಂಜಿಕೆ ಹುಟ್ಟಿದ್ದೇ ಆಗ.
ಕೊಟ್ಟವರು ಕೈ ತೊಳೆದುಕೊಂಡರೆ
ಆ ನೀರು ಯಾರ ಗುಂಡಿಗೆ?

ಕಾನೂನು ನೆರವಿನ ವಕೀಲೆ ಶಾಹಿನಾ ಮುಳಗುಂದ
ಏಳು ತಿಂಗಳು ಓಡಾಡಿದಳು,
ಸ್ಕೂಟಿಯ ಡಿಕ್ಕಿಯಲ್ಲಿ ಫೈಲು, ಫೈಲಿನ ಮೇಲೆ ಮಗನ ಟಿಫಿನ್ನು.
ಮಣ್ಣು ತೆಗೆಯುವ ಖರ್ಚಿನಲ್ಲಿ ಅರ್ಧ ಸರಕಾರದ್ದು,
ಕಾಲು ವಾರಸುದಾರರದ್ದು (ನೋಟೀಸು ಮೂರು, ಅಳು ಒಂದು),
ಉಳಿದ ಕಾಲಿಗೆ ನೂರಾ ಹನ್ನೆರಡು ಹೆಂಗಸರ ಪಾಸ್‌ಬುಕ್ಕು.
ಮತ್ತೆ ಒಂದೇ ಒಂದು ಸಾಲು,
ಅವಳ ಚಪ್ಪಲಿ ಸವೆದದ್ದು ಅದಕ್ಕೇ:
"ಈ ತಾರೀಖಿನ ಹಿಂದಿನ ಹೊಲಸಿಗೆ
ಕೊಂಡವರು ಹೊಣೆಗಾರರಲ್ಲ."

ಬರೆದೆ.
ಆಮೇಲೆ ಕೈ ತಾನಾಗಿ ಹಳೆಯ ಮಂತ್ರಕ್ಕೆ ಹೊರಳಿತು:
ನಿಧಿ ನಿಕ್ಷೇಪ ಜಲ ತರು ಪಾಷಾಣ ಸಹಿತವಾಗಿ...

ಅಲ್ಲಿ ನಿಂತಿತು.
ಪಾಷಾಣ ಅಂದರೆ ಕಲ್ಲು ಅಂತಲೇ ಇಷ್ಟು ವರ್ಷ ಬರೆದವ ನಾನು.
ನಮ್ಮಜ್ಜಿ ಇಲಿಗೆ ಇಡುತ್ತಿದ್ದದ್ದೂ ಪಾಷಾಣವೇ.
ಯಾರ್ಯಾರಿಗೆ ಯಾವುದನ್ನು ಬರೆದುಕೊಟ್ಟೆನೋ.

"ಯಾಕ್ರಿ, ನಿಂತ್ರಿ?"
"ಒಂದು ಶಬ್ದ ಕಾಟು ಹೊಡೀಬೇಕ್ರಿ."
ಹಾಳೆ ತಿರುಗಿಸಿಕೊಂಡು, ಬೆರಳಿಟ್ಟು, ಓದಿದಳು.
"ಬ್ಯಾಡ, ಇರ್ಲಿ. ಇದ್ದದ್ದು ಇದ್ಧಾಂಗ ಬರ್ದರ ತಗಿಯಾಕ ಬರ್ತೈತಿ."

ಹೊಸ ಸಾಲು ಎಳೆದೆ.
ಕೆಳಕ್ಕೆ: ಒಂಬತ್ತು ಅಡಿ ಬಣ್ಣ.

ಒಳಗೆ ಆಪರೇಟರ್ ಹುಡುಗಿ ತಲೆ ಕೆರೆದುಕೊಂಡಳು,
ಕಂಪ್ಯೂಟರಿನಲ್ಲಿ ಇರುವುದು ನಾಲ್ಕೇ ಖಾನೆ.
ಕೊನೆಗೆ ಉತ್ತರದ ಖಾನೆಯಲ್ಲಿ,
ಮುಚ್ಚಿದ ಬಾವಿಯ ಪಕ್ಕ ಹೇಗೋ ತೂರಿಸಿದಳು.

ಹೊರಗೆ ಬಿಸಿಲು. ತುಳಜಾಬಾಯಿ ಚೀಲದ ಬಾಯಿ ಬಿಚ್ಚಿ
"ನಿಮ್ದೆಷ್ಟರಿ?" ಅಂದಳು.
"ನಾಲ್ಕು ದಿಕ್ಕಿಂದು ಕೊಡ್ರಿ.
ಕೆಳಗಿಂದು ನನ್ನ ಕಡಿಂದ."